ಉಸಿರು ಎಣಿಸುವ ಪಾಠ

ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಊರಲ್ಲಿ ಹಸುಗೂಸು ಹಾಲು ಕುಡಿಯದೆ ಮಂಕಾದರೆ, ಎಷ್ಟೋ ಮನೆಯವರು ಮೊದಲು ಕೂಗುವುದು ಅದೇ ಬೀದಿಯ ಆಶಾ ಕಾರ್ಯಕರ್ತೆಯನ್ನು. ಹೆಚ್ಚು ಓದದ ಆಕೆಗೆ ಏನು ಗೊತ್ತು ಎಂದು ಮೂಗು ಮುರಿಯುವವರು ಆಕೆಯ ತರಬೇತಿಯನ್ನೊಮ್ಮೆ ನೋಡಬೇಕು.

2005ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸುಮಾರು 1000 ಜನರಿಗೆ ಒಬ್ಬಾಕೆ. ಪುಸ್ತಕಕ್ಕಿಂತ ಕೈಗೇ ಪಾಠ ಹೆಚ್ಚು. ಗೊಂಬೆಗೆ ಬಟ್ಟೆ ಸುತ್ತಿ ಕಲಿಯಬೇಕು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಓದಬೇಕು, ಮಗುವನ್ನು ತೂಗಬೇಕು. ಕಷ್ಟವಾದದ್ದು ಉಸಿರೆಣಿಕೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರಾಗದು. ಎಳೆಗೂಸಿನ ಉಸಿರಿಗೆ ಒಂದೇ ಲಯವೆಲ್ಲಿ? ಪೂರ್ತಿ ನಿಮಿಷ ಎಣಿಸಬೇಕು. 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಬೇಕು. ಆಗಲೂ ಅಷ್ಟೇ ಇದ್ದರೆ ತಡಮಾಡದೆ ಆಸ್ಪತ್ರೆ. ಆಸ್ಪತ್ರೆಯಲ್ಲೇ ಹೆರಿಗೆಯಾಗಿದ್ದರೂ 3, 7, 14, 21, 28, 42ನೇ ದಿನ ಬಾಣಂತಿಯ ಮನೆಗೆ ಹೋಗಲೇಬೇಕು.

ಇದಕ್ಕೆ ದಾರಿ ತೋರಿದ್ದು ಮಹಾರಾಷ್ಟ್ರದ ಗಡಚಿರೋಲಿ. ಅಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ಈ ವಿದ್ಯೆ ಕಲಿಸಿದರು. ನವಜಾತ ಶಿಶುಗಳ ಸಾವು ಬಹಳ ಇಳಿದ ಸಂಗತಿ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.

ಮಗಳನ್ನು ಸೇರಿಸಬಹುದೇ ಎನ್ನುವ ತಂದೆತಾಯಿ ಇಷ್ಟು ತಿಳಿದಿರಲಿ. ಆಶಾ ಆಗಲು ಅದೇ ಊರಿನ, 25ರಿಂದ 45ರ ವಯಸ್ಸಿನ, ಸಾಮಾನ್ಯವಾಗಿ ಮದುವೆಯಾದ ಹೆಣ್ಣುಮಗಳಾಗಿರಬೇಕು. ಸಿಗುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳನ್ನು ಗೌರವಿಸಿತೇನೋ ಸರಿ, 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ನಿಗದಿತ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಪಿಯುಸಿ ಮುಗಿಸಿದ ಹುಡುಗಿಗಾದರೆ ಎರಡು ವರ್ಷದ ಎಎನ್‌ಎಂ ತರಬೇತಿ ಇದೆ.