ಮೊದಲನೆಯದು ಬೇಗ ಆಯ್ತು, ಎರಡನೆಯದೂ ಹಾಗೇನಾ?

'ಚೊಚ್ಚಲು ಹೆರಿಗೆ ಎಂಟನೇ ತಿಂಗಳಿಗೇ ಆಗಿಬಿಡ್ತು. ಈಗ ಮತ್ತೆ ಮೂರು ತಿಂಗಳು. ಇದೂ ಹಾಗೇ ಆಗುತ್ತಾ?'

'ನಮ್ಮ ಅತ್ತಿಗೆಗೆ ಡಾಕ್ಟರ್ ಕೊಟ್ಟ ಡೇಟಿಗಿಂತ ಹದಿನೈದು ದಿನ ಮುಂಚೆ ಆಯ್ತು. ಎರಡನೆಯದು ಇನ್ನೂ ಬೇಗ ಆಗುತ್ತೆ ಮಾರಾಯ್ತಿ ಅಂತ ಎಲ್ಲರೂ ಹೆದರಿಸ್ತಾರೆ...'

ಮೆಗ್ಗಾನ್ ಆಸ್ಪತ್ರೆಯ ಗರ್ಭಿಣಿಯರ ಸಾಲಿರಲಿ, ದುರ್ಗಿಗುಡಿಯ ನರ್ಸಿಂಗ್ ಹೋಮ್ ಬೆಂಚಿರಲಿ, ಭದ್ರಾವತಿ ಹೊಸಮನೆಯ ಜಗಲಿಯಿರಲಿ, ಎರಡನೇ ಸಲ ಬಸುರಿಯಾದವರು ನಾಲ್ಕು ಮಂದಿ ಸೇರಿದರೆ ಈ ಮಾತು ಬರದೇ ಇರದು. ಇದು ಬರೀ ಕುತೂಹಲವೂ ಅಲ್ಲ. ಸೀಮಂತ ಯಾವಾಗ ಮಾಡಬೇಕು, ತವರಿಗೆ ಯಾವಾಗ ಹೊರಡಬೇಕು, ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಅಮ್ಮ ಬಾಣಂತನಕ್ಕೆ ಯಾವತ್ತಿನಿಂದ ಸಿದ್ಧವಾಗಿರಬೇಕು ಎಂಬುದೆಲ್ಲ ಇದರ ಮೇಲೇ ನಿಂತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಹುಟ್ಟುವ ಕೂಸಿನ ಆರೋಗ್ಯ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಮೊದಲನೆಯದು ದಿನ ತುಂಬುವ ಮುಂಚೆ ಆಗಿದ್ದರೆ ಎರಡನೆಯದೂ ಹಾಗಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ನಿಜ. ಆದರೆ ಹಾಗೇ ಆಗಬೇಕೆಂದೇನಿಲ್ಲ. ಹೆಚ್ಚಿನವರಿಗೆ ಎರಡನೇ ಹೆರಿಗೆ ದಿನ ತುಂಬಿಯೇ ಆಗುತ್ತದೆ. ಮೊದಲನೆಯದು ಎಷ್ಟು ಬೇಗ ಆಯಿತು, ಯಾಕೆ ಆಯಿತು ಎಂಬುದನ್ನು ತಿಳಿದುಕೊಂಡರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಬೇಗ ಅಂದರೆ ಎಷ್ಟು ಬೇಗ?

ಡಾಕ್ಟರು ಕೊಡುವ ಡೇಟು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳ ಲೆಕ್ಕ. ಅಂದರೆ ಒಂಬತ್ತು ತಿಂಗಳು ಏಳು ದಿನ. ಜನವರಿ 1ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 8 ಹೆರಿಗೆ ದಿನ. ಆದರೆ ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ! ಉಳಿದವರೆಲ್ಲ ಒಂದಷ್ಟು ದಿನ ಹಿಂದೆ ಮುಂದೆ.

ವೈದ್ಯರು ತಿಂಗಳ ಲೆಕ್ಕ ಹಿಡಿಯುವುದಿಲ್ಲ, ವಾರದ ಲೆಕ್ಕ ಹಿಡಿಯುತ್ತಾರೆ. 37 ವಾರ ತುಂಬುವ ಮುಂಚೆ ಆದರೆ ಮಾತ್ರ ಅದು ಅವಧಿಪೂರ್ವ ಹೆರಿಗೆ. ಡೇಟಿಗಿಂತ ಹದಿನೈದು ದಿನ ಮುಂಚೆ ಆದ ಅತ್ತಿಗೆಯ ಹೆರಿಗೆ ಸುಮಾರು 38 ವಾರದ್ದು. ಅದು ಅವಧಿಪೂರ್ವ ಅಲ್ಲವೇ ಅಲ್ಲ, ಹೆದರುವ ಕಾರಣವೂ ಇಲ್ಲ.

'ಎಂಟನೇ ತಿಂಗಳು' ಎಂಬ ಮಾತಿನಲ್ಲೂ ಗೊಂದಲವಿದೆ. ಕೆಲವರು ಎಂಟು ತುಂಬಿದ್ದನ್ನು ಎಂಟು ಅಂತಾರೆ, ಕೆಲವರು ಎಂಟು ನಡೆಯುತ್ತಿರುವುದನ್ನು ಎಂಟು ಅಂತಾರೆ. ಎರಡಕ್ಕೂ ನಾಲ್ಕು ವಾರದವರೆಗೆ ವ್ಯತ್ಯಾಸ ಬರಬಹುದು. 32 ವಾರದ ಮಗುವಿಗೂ 36 ವಾರದ ಮಗುವಿಗೂ ಅಜಗಜಾಂತರ. ಆದ್ದರಿಂದ ಮೊದಲ ಕೆಲಸ, ಬೀರುವಿನಿಂದ ಹಳೆಯ ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಡಿಸ್ಚಾರ್ಜ್ ಚೀಟಿ ತೆಗೆಯಿರಿ. ಮೊದಲ ಹೆರಿಗೆ ಎಷ್ಟು ವಾರಕ್ಕೆ ಆಯಿತು, ಮಗುವಿನ ತೂಕ ಎಷ್ಟಿತ್ತು ಎಂದು ಒಂದು ಹಾಳೆಯಲ್ಲಿ ಬರೆದಿಡಿ.

ಲೆಕ್ಕ ಏನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಮಕ್ಕಳು 37 ವಾರಕ್ಕೆ ಮುಂಚೆ ಹುಟ್ಟಿದರು. ಅಂದರೆ ಹತ್ತರಲ್ಲಿ ಒಂದು ಮಗು. ಸಂಖ್ಯೆಯಲ್ಲಿ ನಮ್ಮ ದೇಶವೇ ಮುಂದೆ, ಸುಮಾರು 30 ಲಕ್ಷ.

ನಾರ್ವೆಯಲ್ಲಿ 1967ರಿಂದ ದೇಶದ ಎಲ್ಲ ಹೆರಿಗೆಗಳನ್ನೂ ದಾಖಲಿಸುತ್ತಾರೆ. ಆ ದಾಖಲೆಗಳನ್ನು ನೋಡಿ ಅಲ್ಲಿನ ತಜ್ಞರು 1979ರಲ್ಲೇ ಒಂದು ಮಾತು ಹೇಳಿದ್ದರು: ಒಬ್ಬ ತಾಯಿಯ ಹೆರಿಗೆಗಳು ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ನಡೆಯುತ್ತವೆ. ಬೇಗ ಆದವರಿಗೆ ಮತ್ತೆ ಬೇಗ, ತಡ ಆದವರಿಗೆ ಮತ್ತೆ ತಡ ಆಗುವ ಒಲವು ಇರುತ್ತದೆ. ಆನಂತರದ ಅಧ್ಯಯನಗಳೂ ಅದನ್ನೇ ಹೇಳಿವೆ. ತಾನಾಗಿ ನೋವು ಬಂದು ಅವಧಿಗೆ ಮುನ್ನ ಹೆತ್ತವರಲ್ಲಿ ನೂರಕ್ಕೆ ಸುಮಾರು 15ರಿಂದ 30 ಮಂದಿಗೆ ಮುಂದಿನದೂ ಅವಧಿಗೆ ಮುನ್ನ ಆಗುತ್ತದೆ. ಇದನ್ನೇ ತಿರುಗಿಸಿ ಓದಿ. ನೂರರಲ್ಲಿ 70 ಅಥವಾ ಅದಕ್ಕಿಂತ ಹೆಚ್ಚು ತಾಯಂದಿರು 37 ವಾರ ದಾಟುತ್ತಾರೆ!

ಮೊದಲ ಮಗು ತೀರಾ ಮುಂಚೆ, 28-30 ವಾರಕ್ಕೇ ಹುಟ್ಟಿದ್ದರೆ ಅಪಾಯ ಹೆಚ್ಚು. 36 ವಾರಕ್ಕೆ ಹುಟ್ಟಿದ್ದರೆ ಕಡಿಮೆ.

ಇನ್ನು 37 ವಾರ ದಾಟಿ, ಡೇಟಿಗಿಂತ ಒಂದು ವಾರ ಹತ್ತು ದಿನ ಮುಂಚೆ ಆದವರ ಕಥೆ ಏನು? ಅಮೆರಿಕದ 125 ತಾಯಂದಿರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವಧಿಪೂರ್ವ ಹೆರಿಗೆಗಳನ್ನು ಬಿಟ್ಟರೂ ಬಸಿರಿನ ಅವಧಿ ಒಬ್ಬರಿಂದ ಒಬ್ಬರಿಗೆ 37 ದಿನಗಳವರೆಗೆ ಹೆಚ್ಚುಕಡಿಮೆ ಇತ್ತು. ಒಬ್ಬ ತಾಯಿಯ ಬೇರೆ ಬಸಿರುಗಳ ಸರಾಸರಿಯಲ್ಲಿ ಒಂದು ವಾರ ವ್ಯತ್ಯಾಸವಿದ್ದರೆ ಈ ಬಸಿರಿನಲ್ಲಿ ಕಂಡದ್ದು ಎರಡೂವರೆ ದಿನದಷ್ಟು ವ್ಯತ್ಯಾಸ ಮಾತ್ರ. ಅಂದರೆ ಮೊದಲನೆಯದು ಸ್ವಲ್ಪ ಸುಳಿವು ಕೊಡುತ್ತದೆ, ಅಷ್ಟೇ. ಅದನ್ನು ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವಂತಿಲ್ಲ.

ಯಾಕೆ ಬೇಗ ಆಯಿತು?

ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಬೇಗ ಆದ ಹೆರಿಗೆಗಳೆಲ್ಲ ಒಂದೇ ಜಾತಿಯವಲ್ಲ.

ಮೊದಲ ಸಲ ಅವಳಿ ಮಕ್ಕಳಿದ್ದು ಬೇಗ ಆಗಿದ್ದರೆ, ಈಗ ಒಂದೇ ಮಗು ಇದ್ದಾಗ ಆ ಚಿಂತೆ ಬಹಳ ಕಡಿಮೆ. ಅವಳಿಗಳು ಬೇಗ ಹುಟ್ಟುವುದೇ ಹೆಚ್ಚು.

ಬಿ.ಪಿ. ಏರಿ, ಮಗುವಿನ ಬೆಳವಣಿಗೆ ಕುಂಠಿತವಾಗಿ ಡಾಕ್ಟರೇ ಬೇಗ ಹೆರಿಗೆ ಮಾಡಿಸಿದ್ದರೆ, ಈ ಸಲ ನೋಡಬೇಕಾದ್ದು ಬಿ.ಪಿ.ಯನ್ನು. ಇಂಥವರಿಗೆ ಕೆಲವೊಮ್ಮೆ ಮೂರನೇ ತಿಂಗಳ ಕೊನೆಯಿಂದಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ ಕೊಡುತ್ತಾರೆ. ಹಾಗಂತ ಅಂಗಡಿಯಿಂದ ನೀವೇ ತಂದು ನುಂಗಬೇಡಿ!

ತಾನಾಗಿ ನೋವು ಬಂದೋ, ನೀರು ಹೋಗಿಯೋ ಆಗಿದ್ದರೆ ಸೋಂಕು ಇತ್ತೇ, ಗರ್ಭಕೋಶದ ಬಾಯಿ ಸಡಿಲವಿತ್ತೇ, ಗರ್ಭಕೋಶದ ಆಕಾರದಲ್ಲೇ ತೊಂದರೆಯಿತ್ತೇ ಎಂದು ವೈದ್ಯರು ನೋಡಬೇಕಾಗುತ್ತದೆ. ಮತ್ತೆ ಹಾಗೇ ಆಗುವ ಸಾಧ್ಯತೆ ಇಲ್ಲಿಯೇ ಜಾಸ್ತಿ.

ಎಷ್ಟೋ ಸಲ ಇದಮಿತ್ಥಂ ಎಂಬ ಕಾರಣ ಸಿಗುವುದೇ ಇಲ್ಲ. ಅಂಥ ಮನೆಯಲ್ಲಿ 'ನೀನು ಮೆಟ್ಟಿಲು ಹತ್ತಿದ್ದೇ ತಪ್ಪು', 'ಪಪ್ಪಾಯಿ ತಿಂದಿದ್ದಕ್ಕೇ ಹೀಗಾಯ್ತು' ಅಂತ ಸೊಸೆಯ ಮೇಲೆ ಹಾಕುವುದು ಬೇಡ. ಅತ್ತೆಯಂದಿರೂ ಓದುತ್ತೀರಲ್ಲ, ದಯವಿಟ್ಟು ಇದನ್ನು ನೆನಪಿಡಿ.

ಮಗುವಿನ ನಡುವೆ ಅಂತರ

ಮೊದಲ ಹೆರಿಗೆಯಾಗಿ ಕನಿಷ್ಠ ಎರಡು ವರ್ಷ ಕಳೆದ ಮೇಲೆ ಮತ್ತೆ ಬಸುರಾಗುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೀರಾ ಬೇಗ ಬಸುರಾದರೆ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚುತ್ತದೆ. 'ಒಟ್ಟಿಗೇ ಎರಡನ್ನೂ ಬೆಳೆಸಿಬಿಡೋಣ' ಎನ್ನುವವರು ಈ ಮಾತನ್ನು ಗಂಡಹೆಂಡಿರು ಕೂತು ಯೋಚಿಸಬೇಕು.

ಈ ಅಂತರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳು, ರಾಗಿ ತಿನ್ನಿ, ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನೂ ತಪ್ಪಿಸಬೇಡಿ. ಊಟವಾದ ಮೇಲೆ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸವಿದ್ದರೆ ಅದನ್ನು ಇವತ್ತೇ ಬಿಡಿ. ತಂಬಾಕು ಯಾವ ರೂಪದಲ್ಲಿದ್ದರೂ ಹೊಟ್ಟೆಯಲ್ಲಿರುವ ಮಗುವಿಗೆ ಕೇಡು.

ಮತ್ತೆ ಬಸುರಾದಾಗ

ಮೂರು ತಿಂಗಳು ತುಂಬುವ ಮುಂಚೆಯೇ ಡಾಕ್ಟರ ಬಳಿ ಹೋಗಿ, ಹಳೆಯ ಕಾಗದಗಳನ್ನೆಲ್ಲ ಮುಂದಿಡಿ. ಮೊದಲ ಮಗುವಿಗೆ ಹಾಲೂಡಿಸುತ್ತಿರುವಾಗಲೇ ಬಸುರಾದವರಿಗೆ ಮುಟ್ಟಿನ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಆಗ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗೇ ಆಧಾರ. ಡೇಟೇ ತಪ್ಪಾದರೆ ಮಗು ಬೇಗ ಹುಟ್ಟಿತೋ ಸರಿಯಾಗಿ ಹುಟ್ಟಿತೋ ಹೇಗೆ ಗೊತ್ತಾಗಬೇಕು?

ಹಿಂದೆ ಅವಧಿಪೂರ್ವ ಹೆರಿಗೆಯಾದವರಿಗೆ 16ರಿಂದ 24 ವಾರದ ನಡುವೆ ಗರ್ಭಕೋಶದ ಬಾಯಿಯ ಉದ್ದವನ್ನು ಸ್ಕ್ಯಾನಿಂಗಿನಲ್ಲಿ ಅಳೆಯುತ್ತಾರೆ. ಅದು 25 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಪ್ರೊಜೆಸ್ಟರಾನ್ ಔಷಧಿಯನ್ನೋ, ಕೆಲವರಿಗೆ ಬಾಯಿಗೆ ಹೊಲಿಗೆ ಹಾಕುವುದನ್ನೋ ವೈದ್ಯರು ಸೂಚಿಸುತ್ತಾರೆ. ಏಳನೇ ತಿಂಗಳಲ್ಲಿ ಹೋಗಿ 'ಹೊಲಿಗೆ ಹಾಕಿ' ಅಂದರೆ ಆಗದು. ಅದಕ್ಕೇ ಬೇಗ ಹೋಗಬೇಕು ಎನ್ನುವುದು.

ಮೂತ್ರದ ಸೋಂಕಿಗೆ ಪರೀಕ್ಷೆ ಮಾಡಿಸಿ. ಉರಿ ಇಲ್ಲದಿದ್ದರೂ ಸೋಂಕು ಇರಬಹುದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ನಾಲ್ಕನೇ ತಿಂಗಳಿನಿಂದ ಅದರ ಉಪಯೋಗ ಪಡೆಯಬಹುದು.

ಹಾಗಂತ ಆರು ತಿಂಗಳು ಹಾಸಿಗೆ ಹಿಡಿಯಬೇಕಿಲ್ಲ. ಮಲಗಿಯೇ ಇದ್ದರೆ ಹೆರಿಗೆ ಮುಂದೆ ಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಡಾಕ್ಟರು ಬೇಡವೆನ್ನದಿದ್ದರೆ ಮನೆಗೆಲಸ, ನಡಿಗೆ ಎಲ್ಲ ಹದವಾಗಿ ಇರಲಿ.

ಶಿವಮೊಗ್ಗವೋ ಭದ್ರಾವತಿಯೋ?

ಗಂಡನ ಮನೆ ಗೋಪಾಳದಲ್ಲಿ, ತವರು ಭದ್ರಾವತಿ ನ್ಯೂಟೌನಿನಲ್ಲಿ. ಇಂಥವರು ಎಷ್ಟು ಮಂದಿಯಿಲ್ಲ! ನಡುವೆ ಇರುವುದು ಸುಮಾರು 20 ಕಿ.ಮೀ. ಆದರೂ ಮೊದಲ ಹೆರಿಗೆ ಬೇಗ ಆಗಿದ್ದವರು ಇದನ್ನು ಮೊದಲೇ ತೀರ್ಮಾನಿಸಬೇಕು. ತೂಕ ಕಡಿಮೆಯಿರುವ ಮಗುವಿಗೆ ಉಸಿರಾಟದ ನೆರವು, ಬಿಸಿ ಪೆಟ್ಟಿಗೆ, ಮಕ್ಕಳ ತಜ್ಞರು ಎಲ್ಲ ಬೇಕಾಗುತ್ತದೆ. ಅದು ಮೆಗ್ಗಾನ್‌ನಂಥ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲೋ, ಶಿಶು ಘಟಕವಿರುವ ದೊಡ್ಡ ನರ್ಸಿಂಗ್ ಹೋಮಿನಲ್ಲೋ ಸಿಗುತ್ತದೆ. ಹುಟ್ಟಿದ ಎಳೆಗೂಸನ್ನು ಬಿ.ಎಚ್. ರಸ್ತೆಯಲ್ಲಿ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅಲ್ಲಿಗೆ ಹೋಗುವುದು ಸುರಕ್ಷಿತ. ಹಾಗಾಗಿ ಹೆರಿಗೆ ಶಿವಮೊಗ್ಗದಲ್ಲಿ, ಬಾಣಂತನ ಭದ್ರಾವತಿಯಲ್ಲಿ ಎಂದು ಇಟ್ಟುಕೊಂಡರೆ ಯಾರಿಗೂ ಬೇಸರವಿಲ್ಲ.

ಬೇಗ ಹೋದರೆ ಇನ್ನೊಂದು ಲಾಭವಿದೆ. 34 ವಾರಕ್ಕೆ ಮುಂಚೆ ಹೆರಿಗೆಯಾಗುವ ಲಕ್ಷಣ ಕಂಡರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ದೊಡ್ಡ ಅಧ್ಯಯನವೊಂದರಲ್ಲಿ ನಮ್ಮ ಬೆಳಗಾವಿಯ ವೈದ್ಯರೂ ಪಾಲ್ಗೊಂಡಿದ್ದರು. ಸೌಕರ್ಯವಿರುವ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಕೊಟ್ಟರೆ ಶಿಶುಮರಣ ಕಡಿಮೆಯಾಗುತ್ತದೆ ಎಂದು 2020ರಲ್ಲಿ ಅದು ತೋರಿಸಿತು. ಆದರೆ ಮದ್ದು ನಾಟಲು ಸಮಯ ಬೇಕು. ನೋವು ಜೋರಾಗಲಿ ಎಂದು ಮನೆಯಲ್ಲೇ ಕಾದು ಕೂತರೆ ಆ ಸಮಯ ಸಿಗುವುದಿಲ್ಲ.

ಇನ್ನೊಂದು ಮಾತು. ಡೇಟಿಗಿಂತ ಬೇಗ ಆಗುವುದು ಬೇರೆ, ನೋವು ಶುರುವಾದ ಮೇಲೆ ಬೇಗ ಆಗುವುದು ಬೇರೆ. ಎರಡನೇ ಹೆರಿಗೆಯಲ್ಲಿ ನೋವು ತಿನ್ನುವ ಹೊತ್ತು ಸಾಮಾನ್ಯವಾಗಿ ಕಡಿಮೆ. ಹಾಗಾಗಿ 'ಮೊದಲನೆಯದಕ್ಕೆ ಇಡೀ ದಿನ ಹಿಡಿದಿತ್ತು' ಎಂಬ ಧೈರ್ಯದಲ್ಲಿ ಕೂರಬೇಡಿ. 32 ವಾರಕ್ಕೇ ಬ್ಯಾಗು ಸಿದ್ಧವಿರಲಿ. ದೊಡ್ಡ ಮಗುವನ್ನು ಯಾರ ಬಳಿ ಬಿಡಬೇಕು, ರಾತ್ರಿ ಯಾರ ಗಾಡಿ ಕರೆಯಬೇಕು ಎಂಬುದೂ ತೀರ್ಮಾನವಾಗಿರಲಿ. ಯಾರೂ ಸಿಗದಿದ್ದರೆ 108 ಇದ್ದೇ ಇದೆ.

'ಏಳರ ಮಗು ಉಳಿಯುತ್ತೆ, ಎಂಟರದ್ದು ಉಳಿಯಲ್ಲ' ಎಂಬ ಹಳೆಯ ಮಾತನ್ನು ನಂಬಬೇಡಿ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲವೇ. ಅದಕ್ಕೇ ಮೊದಲನೆಯದು ಸಿಸೇರಿಯನ್ ಆಗಿದ್ದು ಈಗಲೂ ದಿನ ನಿಗದಿ ಮಾಡುವುದಾದರೆ, ತೊಂದರೆ ಏನೂ ಇಲ್ಲದಾಗ ಒಳ್ಳೆಯ ನಕ್ಷತ್ರಕ್ಕಾಗಿ 39 ವಾರಕ್ಕೆ ಮುಂಚೆ ಮಾಡಿಸಲು ಡಾಕ್ಟರನ್ನು ಒತ್ತಾಯಿಸಬೇಡಿ.

ಇವು ಕಂಡರೆ ಕೂಡಲೇ ಆಸ್ಪತ್ರೆಗೆ

* 37 ವಾರಕ್ಕೆ ಮುಂಚೆ ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗಿ ಸಡಿಲವಾಗುವುದು
* ಸೊಂಟದಲ್ಲಿ ಬಿಟ್ಟು ಬಿಟ್ಟು ನೋವು, ಕೆಳಗೆ ಒತ್ತಿದಂತಾಗುವುದು
* ನೀರು ಹೋಗುವುದು, ಅದು ಸ್ವಲ್ಪವೇ ಆಗಿದ್ದರೂ ಸರಿ
* ರಕ್ತ ಕಾಣಿಸುವುದು
* ತಲೆ ಸಿಡಿತ, ಕಣ್ಣು ಮಂಜು, ಮುಖ ಕೈ ಊದುವುದು
* ಮಗುವಿನ ಅಲುಗಾಟ ಕಡಿಮೆಯಾಗುವುದು

ಸುಳ್ಳು ನೋವಾದರೆ ಒಂದು ಆಟೋ ಖರ್ಚು ಹೋಯಿತು, ಅಷ್ಟೇ. 'ಮೊನ್ನೆ ತಾನೇ ಹೋಗಿ ಬಂದೆವು, ಮತ್ತೆ ಹೋದರೆ ಏನಂದುಕೊಳ್ತಾರೋ' ಎಂಬ ಸಂಕೋಚ ಮಾತ್ರ ಬೇಡ.