ಅಕ್ಕ ಹೊಲಿದ ಕುದುರೆಮುಖದ ಲಂಗ

ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗನಿಗೆ ಲಂಗದ ಉಸಾಬರಿ ಏಕೆ ಎಂದು ಹಾಸ್ಟೆಲ್‌ನಲ್ಲಿ ಗೆಳೆಯರು ಈಗಲೂ ರೇಗಿಸುತ್ತಾರೆ. ಅದಕ್ಕೆ ಕಾರಣ ನಮ್ಮ ಚಿಗವ್ವನ ಮಗಳು. ಧಾರವಾಡದಿಂದ ಬೆಂಗಳೂರಿಗೆ ಹೋಗಿ ಫ್ಯಾಷನ್ ಡಿಸೈನ್ ಓದುತ್ತಿರುವ ಆಕೆಗೆ ಇದು ಕೊನೆಯ ವರ್ಷ. ಬೇರೊಂದು ದೇಶದ ಸಂಸ್ಕೃತಿಯಿಂದ ಸ್ಫೂರ್ತಿ ಪಡೆದು ಒಂದು ಉಡುಪು ರೂಪಿಸಬೇಕು ಎಂಬ ಪ್ರಾಜೆಕ್ಟ್ ಬಂದಾಗ ಅಕ್ಕ ಚೀನಾವನ್ನು ಆರಿಸಿಕೊಂಡಳು. 2015ರಲ್ಲಿ ನ್ಯೂಯಾರ್ಕ್‌ನ ಮೆಟ್ ಗಾಲಾಕ್ಕೆ ಗಾಯಕಿ ರಿಹಾನಾ ತೊಟ್ಟು ಬಂದ, ಸುಮಾರು 25 ಕೆ.ಜಿ. ತೂಕದ ಹಳದಿ ನಿಲುವಂಗಿ ನೆನಪಿದೆಯೇ? ಅದನ್ನು ರೂಪಿಸಿದ ಬೀಜಿಂಗ್‌ನ ಗುವೊ ಪೇ ಎಂದರೆ ಅಕ್ಕನಿಗೆ ಪ್ರಾಣ.

ಆಕೆಯ ಮೊದಲ ಸ್ಕೆಚ್‌ನಲ್ಲಿ ಕೆಂಪು ಗೌನ್, ಅದರ ಮೇಲೆ ಬಂಗಾರದ ಡ್ರ್ಯಾಗನ್ ಇತ್ತು. ಮೇಡಂ ನೋಡಿ, ‘ಇದು ಚೈನೀಸ್ ಹೋಟೆಲಿನ ಮೆನು ಕಾರ್ಡ್ ಇದ್ದಂಗಿದೆ’ ಎಂದು ವಾಪಸ್ ಕೊಟ್ಟರಂತೆ.

ಆಮೇಲೆ ಅಕ್ಕ ಓದಲು ಕುಳಿತಳು. ಚೀನಾದಲ್ಲಿ ಕೆಂಪು ಮದುವೆಯ ಬಣ್ಣ, ಬಿಳಿ ಸಾವಿನ ಮನೆಯದು. ಐದು ಉಗುರಿನ ಡ್ರ್ಯಾಗನ್ ಒಂದು ಕಾಲಕ್ಕೆ ಚಕ್ರವರ್ತಿಯ ಗುರುತು. ಕತ್ತಿನವರೆಗೆ ಕಾಲರ್ ಇರುವ, ಮೈಗಂಟಿದ ‘ಚಿಪಾವೊ’ ಬಹಳ ಪುರಾತನದ್ದು ಎಂದು ನಾವು ತಿಳಿದಿರುತ್ತೇವೆ. ಅದು ಮಂಚು ಜನರ ನಿಲುವಂಗಿಯಿಂದ ಬೆಳೆದು ಶಾಂಘೈನಲ್ಲಿ ಫ್ಯಾಷನ್ ಆಗಿದ್ದು 1920-30ರ ದಶಕಗಳಲ್ಲಿ. ಹೀಗೆ ಹುಡುಕುತ್ತಾ ಆಕೆಗೆ ಸಿಕ್ಕಿದ್ದು ‘ಮಾಮಿಯೆನ್’ ಲಂಗ. ಮಿಂಗ್ ಮತ್ತು ಚಿಂಗ್ ಅರಸರ ಕಾಲದ ಉಡುಪು. ಹೆಸರಿನ ಅರ್ಥ ಕುದುರೆಮುಖ. ನಮ್ಮ ಚಿಕ್ಕಮಗಳೂರಿನ ಬೆಟ್ಟವಲ್ಲ! ಚೀನೀ ಭಾಷೆಯಲ್ಲಿ ಕೋಟೆಗೋಡೆಯಿಂದ ಮುಂದಕ್ಕೆ ಚಾಚಿದ ಭಾಗಕ್ಕೂ ಇದೇ ಹೆಸರು. ಕೋಟೆ ಕೊತ್ತಲ ಎನ್ನುತ್ತೇವಲ್ಲ, ಆ ಕೊತ್ತಲ. ಲಂಗಕ್ಕೆ ಹೆಸರು ಬಂದದ್ದು ಅದರಿಂದಲೇ ಎಂಬ ವಿವರಣೆಯೂ ಇದೆ.

ಅವತ್ತೇ ರಾತ್ರಿ ಫೋನ್ ಬಂತು. ‘ತಮ್ಮಾ, ನೀ ಸಿವಿಲ್ ಓದಾಕತ್ತೀಯಲ್ಲ, ಒಂದು ಲೆಕ್ಕಾ ಮಾಡಿಕೊಡು.’

ಈ ಲಂಗ ಒಂದೇ ಬಟ್ಟೆಯಲ್ಲ. ಎರಡು ತುಂಡುಗಳನ್ನು ಒಂದೇ ಸೊಂಟಪಟ್ಟಿಗೆ ಜೋಡಿಸಿರುತ್ತಾರೆ. ಪ್ರತಿ ತುಂಡಿನ ಎರಡೂ ತುದಿಯಲ್ಲಿ ನೆರಿಗೆಯಿಲ್ಲದ ಚಪ್ಪಟೆ ಭಾಗ, ನಡುವೆ ನೆರಿಗೆ. ಸೊಂಟಕ್ಕೆ ಸುತ್ತಿ ಕಟ್ಟಿದಾಗ ಚಪ್ಪಟೆ ಭಾಗಗಳು ಒಂದರ ಮೇಲೊಂದು ಕೂತು ಮುಂದೊಂದು, ಹಿಂದೊಂದು ಕಾಣುತ್ತವೆ. ನೆರಿಗೆ ಎರಡೂ ಪಕ್ಕಕ್ಕೆ ಬರುತ್ತದೆ. ಅಕ್ಕನ ಅಳತೆ 30 ಇಂಚು ಸೊಂಟ. ಚಪ್ಪಟೆ ಭಾಗ 8 ಇಂಚು ಅಂದುಕೊಂಡೆವು. ಮುಂದಿನ, ಹಿಂದಿನ 16 ಕಳೆದರೆ 14 ಉಳಿಯಿತು, ಅಂದರೆ ಪಕ್ಕಕ್ಕೆ 7. ಒತ್ತಾದ ನೆರಿಗೆಗೆ ಮೂರು ಪಟ್ಟು ಬಟ್ಟೆ ಬೇಕು, 21. ಎರಡು ತುದಿಯ 16 ಸೇರಿಸಿದರೆ ತುಂಡೊಂದಕ್ಕೆ 37 ಇಂಚು. ಅಂಗಡಿಯ 44 ಇಂಚು ಪನ್ನದ ಬಟ್ಟೆಯಲ್ಲಿ ಆರಾಮಾಗಿ ಹಿಡಿಯುತ್ತದೆ. ಎರಡೂಕಾಲು ಮೀಟರಿನಲ್ಲಿ ಲಂಗ ಮುಗಿಯಿತು! ಕತ್ತರಿಸಿದ್ದು ಬರೀ ನೇರ ಗೆರೆ, ಚೂರುಪಾರು ಉಳಿದದ್ದು ಅಂಚಿನಲ್ಲಿ ಮಾತ್ರ. ಹೊಲಿದವರು ಯಾರೋ ಒಳ್ಳೆ ಎಂಜಿನಿಯರೇ ಇರಬೇಕು ಅನಿಸಿತು.

ಚೀನಾದಲ್ಲಿ ಆ ಚಪ್ಪಟೆ ಭಾಗದ ಮೇಲೆ ಹೂ, ಹಕ್ಕಿಗಳ ಕಸೂತಿ ಹಾಕುತ್ತಿದ್ದರು. ಅಕ್ಕ ಅಲ್ಲಿ ನಮ್ಮ ಕಸೂತಿ ಹಾಕಿದಳು. ಗೋಪುರದ ಚಿತ್ರ. ಎಳೆ ಎಣಿಸಿ ಗವಂತಿ, ಮುರಗಿ ಹಾಕುವುದನ್ನು ಅಜ್ಜಿ ವಿಡಿಯೊ ಕಾಲ್‌ನಲ್ಲಿ ಹೇಳಿಕೊಟ್ಟರು. ತಪ್ಪಿದ್ದನ್ನು ಬಿಚ್ಚಿಸಿದ್ದೂ ಅವರೇ.

ನಿಜವಾದ ತಕರಾರು ಎದ್ದದ್ದು ಉಡುಪಿನ ಜೊತೆ ಇಡುವ ಕಾರ್ಡ್ ಬರೆಯುವಾಗ. ‘ಮಾಮಿಯೆನ್ ಎಂದು ಬರೆಯಬೇಡ, ಕಾಪಿ ಅಂದುಕೊಳ್ಳುತ್ತಾರೆ. ಸ್ವಂತ ಡಿಸೈನ್ ಎಂದುಬಿಡು. ಇಲ್ಲಿ ಯಾರಿಗೆ ಗೊತ್ತಾಗುತ್ತೆ?’ ಎಂದು ಸಹಪಾಠಿಗಳು ಹೇಳಿದರು. ಅಕ್ಕನಿಗೂ ಆಸೆಯಾಗದೆ ಇರಲಿಲ್ಲ. ಈ ಪ್ರಾಜೆಕ್ಟ್ ಪೋರ್ಟ್‌ಫೋಲಿಯೊಗೆ ಹೋಗುತ್ತದೆ, ಅದನ್ನು ನೋಡಿ ಕಂಪನಿಗಳು ಕರೆಯುತ್ತವೆ. ಆಕೆಯ ಓದಿಗಾಗಿ ಕಾಕಾ ಬ್ಯಾಂಕಿನಲ್ಲಿ ಸಾಲ ಮಾಡಿದ್ದಾರೆ.

ಆಗ ಆಕೆ ನನಗೆ 2022ರ ಸುದ್ದಿಯೊಂದನ್ನು ಕಳಿಸಿದಳು. ಡಿಯೋರ್ ಕಂಪನಿ ಇಂಥದ್ದೇ ಕಟ್ಟಿನ ಲಂಗವನ್ನು 29,000 ಯುವಾನ್‌ಗೆ, ಅಂದರೆ ಮೂರು ಲಕ್ಷ ರೂಪಾಯಿಗೂ ಹೆಚ್ಚಿಗೆ ಮಾರಾಟಕ್ಕಿಟ್ಟು, ಅದು ತನ್ನದೇ ವಿಶಿಷ್ಟ ವಿನ್ಯಾಸ ಎಂಬಂತೆ ಬಣ್ಣಿಸಿತ್ತು. ಆ ಜುಲೈನಲ್ಲಿ ಪ್ಯಾರಿಸ್‌ನ ಶಾಂಜ್ ಎಲಿಜೆ ರಸ್ತೆಯ ಮಳಿಗೆ ಮುಂದೆ ಚೀನೀ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಬಹುತೇಕ ನಮ್ಮ ವಯಸ್ಸಿನವರೇ. ಈಗ ಚೀನಾದ ಹುಡುಗಿಯರು ಇದೇ ಲಂಗವನ್ನು ಶರ್ಟ್, ಶೂ ಜೊತೆ ತೊಟ್ಟು ಪೇಟೆಗೆ ಹೋಗುತ್ತಾರೆ.

‘ನಾಳೆ ಯಾರರೆ ಅಜ್ಜಿ ಕಸೂತಿ ತಗೊಂಡು ತಮ್ಮದು ಅಂದ್ರ ನಮಗ ಹೆಂಗಾಗಬೇಕು?’ ಎಂದಳು ಅಕ್ಕ.

ಕಾರ್ಡ್‌ನಲ್ಲಿ ಆಕೆ ಬರೆದದ್ದು ಮೂರೇ ಸಾಲು: ಕಟ್ಟು, ಚೀನಾದ ಮಾಮಿಯೆನ್ ಲಂಗದ್ದು. ಕಸೂತಿ, ಧಾರವಾಡದ್ದು, ಕಲಿಸಿದವರು ಅಜ್ಜಿ. ಬಣ್ಣ ಮತ್ತು ಜೋಡಣೆ ನನ್ನದು.

ಸ್ವಂತಿಕೆಯ ಕಾಲಂನಲ್ಲಿ 20ಕ್ಕೆ 12 ಬಂತು. ಹೊಲಿಗೆಗೆ 20ಕ್ಕೆ 19. ಕ್ಲಾಸಿನಲ್ಲಿ ಒಟ್ಟು ಐದನೇ ಸ್ಥಾನ. ಕಾಕಾ ಏನೂ ಅನ್ನಲಿಲ್ಲ, ಆ 12 ಯಾಕೆ ಎಂದಷ್ಟೇ ಕೇಳಿದರು. ಅಕ್ಕ ಕಾರ್ಡ್ ಓದಿ ತೋರಿಸಿದಳು. ಮುಂದಿನ ತಿಂಗಳು ಇಂಟರ್ನ್‌ಶಿಪ್ ಸಂದರ್ಶನವಿದೆ. ಪೋರ್ಟ್‌ಫೋಲಿಯೊದ ಮೊದಲ ಪುಟದಲ್ಲಿ ಲಂಗದ ಫೋಟೊ, ಅದರ ಕೆಳಗೆ ಅದೇ ಮೂರು ಸಾಲು ಹಾಕಿದ್ದಾಳೆ.