ಹಳೆಯ ಗಣಕಕ್ಕೆ ಹೊಂದುವ ಕಾರ್ಡು

ಗಣಕಯಂತ್ರದಲ್ಲಿ ಆಟವಾಡುವುದು ಹೊತ್ತುಗಳೆಯುವ ಚಾಳಿಯೆಂದು ಹಿರಿಯರು ಮೂಗು ಮುರಿಯುವುದುಂಟು. ಆ ವಾದವನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ಆದರೆ ಮನೆಪಾಠ ಹೇಳಿ ಕೂಡಿಟ್ಟ ಹಣವನ್ನು ವಿದ್ಯಾರ್ಥಿಯೊಬ್ಬ ಹಳೆಯ ಯಂತ್ರವೊಂದಕ್ಕೆ ವ್ಯಯ ಮಾಡಲು ಹೊರಟಾಗ, ಆ ಹಣ ಎಲ್ಲಿ ಸಾರ್ಥಕವಾದೀತು, ಎಲ್ಲಿ ನೀರಿನಲ್ಲಿ ಹೋಮವಾದೀತು ಎಂದು ತಿಳಿಸುವುದು ಬಲ್ಲವರ ಹೊಣೆ. ಅವನ ಓದುಬರಹಕ್ಕೂ ಅದೇ ಯಂತ್ರ ಆಧಾರವಾಗಿರುವಾಗ ಈ ಹೊಣೆ ಇನ್ನಷ್ಟು ಹೆಚ್ಚು.

ಗ್ರಾಫಿಕ್ಸ್ ಕಾರ್ಡಿನ ಕೆಲಸವೇನು? ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಹೀಗೆ ಒಟ್ಟು 20,73,600 ಚುಕ್ಕೆಗಳಿರುತ್ತವೆ. ಆಟದ ಚಲನೆ ನಯವಾಗಿ ಕಾಣಬೇಕಾದರೆ ಇಷ್ಟೂ ಚುಕ್ಕೆಗಳಿಗೆ ಸೆಕೆಂಡಿಗೆ 60 ಬಾರಿ ಬಣ್ಣ ತುಂಬಬೇಕು. ಇದು ಕಾರ್ಡಿನ ಪಾಲಿನ ಕೆಲಸ. ಆದರೆ ಯಾವ ಪಾತ್ರ ಎಲ್ಲಿ ನಿಲ್ಲಬೇಕು, ಯಾವ ಗೋಡೆ ಯಾವಾಗ ಉರುಳಬೇಕು ಎಂಬುದನ್ನೆಲ್ಲ ಲೆಕ್ಕಹಾಕಿ ಹೇಳುವುದು ಪ್ರೊಸೆಸರ್. ಯಕ್ಷಗಾನದಲ್ಲಿ ವೇಷಧಾರಿ ಎಷ್ಟೇ ಚುರುಕಿನವನಾದರೂ ಭಾಗವತರ ಪದಕ್ಕಾಗಿ ಕಾಯಲೇಬೇಕಷ್ಟೆ. ಹಾಗೆಯೇ ಪ್ರೊಸೆಸರ್ ನಿಧಾನವಾದರೆ ಬೆಲೆಬಾಳುವ ಕಾರ್ಡು ಸುಮ್ಮನೆ ನಿಂತಿರುತ್ತದೆ.

ನಿಧಾನಕ್ಕೆ ಕಾರಣ ಇವೆರಡರಲ್ಲಿ ಯಾವುದೆಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಆಟದ ಸೆಟ್ಟಿಂಗಿನಲ್ಲಿ ಚುಕ್ಕೆಗಳ ಸಂಖ್ಯೆಯನ್ನು 1280×720ಕ್ಕೆ ಇಳಿಸಿ ನೋಡಿ. ವೇಗ ಚೆನ್ನಾಗಿ ಏರಿದರೆ ಇದುವರೆಗೆ ಬಳಲುತ್ತಿದ್ದುದು ಕಾರ್ಡು. ಹೊಸದನ್ನು ಕೊಳ್ಳುವುದರಲ್ಲಿ ಅರ್ಥವಿದೆ. ವೇಗ ಇದ್ದಲ್ಲೇ ಇದ್ದರೆ ಬಳಲುತ್ತಿರುವುದು ಪ್ರೊಸೆಸರ್. ಕಾರ್ಡಿಗೆ ಸುರಿದ ಹಣದಿಂದ ಹೆಚ್ಚಿನ ಫಲ ದೊರೆಯದು.

ನನಗೆ ಪರಿಚಯದ ತರುಣನೊಬ್ಬನ ಯಂತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ಕಚೇರಿಯೊಂದು ವಿಲೇವಾರಿ ಮಾಡಿದ ಕ್ಯಾಬಿನೆಟ್ಟು. ಒಳಗೆ ಇಂಟೆಲ್ 2014ರಲ್ಲಿ ಹೊರತಂದ ಐ5-4590 ಪ್ರೊಸೆಸರ್, 8 ಜಿಬಿ ರ‍್ಯಾಮ್, 290 ವಾಟಿನ ಎಸ್‌ಎಂಪಿಎಸ್. ಮೇಲಿನ ಪರೀಕ್ಷೆಯಲ್ಲಿ ಕಾರ್ಡೇ ಬಳಲುತ್ತಿದೆಯೆಂದು ತಿಳಿಯಿತು. ಎಎಂಡಿ ಕಂಪನಿಯ ಆರ್‌ಎಕ್ಸ್ 6600 ಕೊಳ್ಳೆಂದು ಗೆಳೆಯರು ಒತ್ತಾಯಿಸುತ್ತಿದ್ದರು. 2021ರಲ್ಲಿ ಬಂದ ಆ ಕಾರ್ಡು ಒಳ್ಳೆಯದೇ. 8 ಜಿಬಿ ಸ್ವಂತ ಮೆಮೊರಿಯೂ ಅದಕ್ಕಿದೆ. ಆದರೆ ಅದು ಬೇಡುವುದು 132 ವಾಟ್. ಮದರ್‌ಬೋರ್ಡಿನ ಸ್ಲಾಟು ಕೊಡಬಲ್ಲದ್ದು ಹೆಚ್ಚೆಂದರೆ 75 ವಾಟ್. ಉಳಿದದ್ದು ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕೇಬಲ್ ಮೂಲಕ ಬರಬೇಕು. ಅವನ ಯಂತ್ರದಲ್ಲಿ ಆ ಕೇಬಲ್ಲೇ ಇರಲಿಲ್ಲ. ಹಾರ್ಡ್‌ಡಿಸ್ಕಿನ ತಂತಿಯಿಂದ ಶಕ್ತಿ ಕದ್ದು ಕೊಡುವ ಅಗ್ಗದ ಜೋಡಣೆಗಳು ಸಿಗುತ್ತವೆ. ಆ ತಂತಿ ಅಷ್ಟು ಹೊರೆಗೆ ಮಾಡಿದ್ದಲ್ಲ. ಕಾದು ಕರಗುವ ಅಪಾಯವುಂಟು.

ಹಾಗಾದರೆ ಸ್ಲಾಟಿನ ಶಕ್ತಿಯಿಂದಲೇ ನಡೆಯುವ ಕಾರ್ಡುಗಳಾವುವು? 2016ರ ಜಿಟಿಎಕ್ಸ್ 1050 ಟಿಐ ಅಂಥದೇ. ಆದರೆ ಆ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರ್ ಸಿದ್ಧಪಡಿಸುವುದನ್ನು ಎನ್‌ವಿಡಿಯಾ ಕಂಪನಿ 2025ರ ಅಕ್ಟೋಬರಿಗೆ ಕೊನೆಗೊಳಿಸಿತು. 2022ರ ಆರ್‌ಎಕ್ಸ್ 6400ಕ್ಕೆ 53 ವಾಟ್ ಸಾಕು. ಆದರೆ ಮದರ್‌ಬೋರ್ಡಿಗೂ ಅದಕ್ಕೂ ನಡುವೆ ಇರುವುದು ನಾಲ್ಕೇ ದಾರಿಗಳು. ಹೊಸ ಮದರ್‌ಬೋರ್ಡಿನಲ್ಲಿ ಇದು ಅಷ್ಟು ಬಾಧಿಸದು. ಹಳೆಯ, 3ನೇ ಪೀಳಿಗೆಯ ಸ್ಲಾಟಿನಲ್ಲಿ ಪ್ರತಿ ದಾರಿಯ ವೇಗವೂ ಅರ್ಧ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿ ಹೊರಗಿನಿಂದ ಮಾಹಿತಿ ತರಬೇಕಾದಾಗ ಆಟ ತಡವರಿಸುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳು ಪೂರ್ಣ ಸಾಮರ್ಥ್ಯ ತೋರಲು ಬೇಕಾದ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇಂಥ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಉಳಿದವು ಎರಡು: 2019ರ ಜಿಟಿಎಕ್ಸ್ 1650ರ ಪ್ರತ್ಯೇಕ ಕೇಬಲ್ ಬೇಡದ ಮಾದರಿ, ಮತ್ತು 2024ರಲ್ಲಿ ಬಂದ, 70 ವಾಟಿನಲ್ಲಿ ನಡೆಯುವ 6 ಜಿಬಿಯ ಆರ್‌ಟಿಎಕ್ಸ್ 3050. ಇಲ್ಲಿ ಹೆಸರಿನ ಮೋಸವೊಂದಿದೆ. 2022ರಲ್ಲಿ ಇದೇ 3050 ಹೆಸರಿನಲ್ಲಿ ಬಂದ 8 ಜಿಬಿಯ ಕಾರ್ಡು 130 ವಾಟ್ ಬೇಡುವ ಬೇರೆಯೇ ಸರಕು. ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದಿಯೇ ಹಣ ಕೊಡಬೇಕು.

ಆ ತರುಣ 6 ಜಿಬಿಯ 3050ನ್ನು ಕೊಂಡ. ಉಳಿದ ಹಣದಲ್ಲಿ ಇನ್ನೂ 8 ಜಿಬಿ ರ‍್ಯಾಮ್ ಹಾಕಿಸಿದ. ಗೆಳೆಯರ ಯಂತ್ರಗಳಷ್ಟು ವೇಗ ಬರಲಿಲ್ಲ, ನಿಜ. ಆದರೆ ಮೊದಲು ಮುಗ್ಗರಿಸುತ್ತಿದ್ದ ಆಟಗಳು ಈಗ ಸರಾಗವಾಗಿ ನಡೆಯುತ್ತಿವೆ. ಯಂತ್ರಕ್ಕೆ ಯಾವ ಕೇಡೂ ತಟ್ಟಿಲ್ಲ.

ಬಳಸಿದ ಕಾರ್ಡನ್ನು ಕೊಳ್ಳುವವರಿಗೂ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯದ ಗಣಿಗಾರಿಕೆಗೆ ಗ್ರಾಫಿಕ್ಸ್ ಕಾರ್ಡುಗಳು ಬೇಡವಾದಾಗ, ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಹರಿದುಬಂದವು. ತೀರ ಹಳೆಯ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುವವರೂ ಇದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, ನೆರೆಮನೆಯವರಿಂದ ಕೊಳ್ಳಿ, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಿಂದ ಕಾರ್ಡಿನ ಗುರುತನ್ನು ಪರೀಕ್ಷಿಸಿ, ಕಣ್ಣೆದುರಿಗೇ ಅರ್ಧ ಗಂಟೆ ಆಟ ನಡೆಸಿ ನೋಡಿ.

ಇನ್ನು ಅಂಗಡಿಗೆ ಹೊರಡುವ ಮುನ್ನ ಮಾಡಬೇಕಾದ ಕೆಲಸ. ಯಂತ್ರದ ವಿದ್ಯುತ್ ಸಂಪರ್ಕ ಕಿತ್ತು, ಕ್ಯಾಬಿನೆಟ್ಟಿನ ಮುಚ್ಚಳ ತೆಗೆಯಿರಿ. ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ ಎಷ್ಟು ವಾಟ್ ಎಂದಿದೆ, ಬಿಡುವಾದ ಕೇಬಲ್ ಇದೆಯೆ, ಸ್ಲಾಟಿನ ಮುಂದೆ ಎಷ್ಟು ಅಂಗುಲ ಜಾಗವಿದೆ ಎಂಬುದನ್ನು ಬರೆದುಕೊಳ್ಳಿ. ಹಳೆಯ ಪರದೆಯಾದರೆ ಅದರ ಹಿಂಬದಿಯನ್ನೂ ನೋಡಿ. ವಿಜಿಎ ಸಂಪರ್ಕ ಮಾತ್ರ ಇದ್ದರೆ ಪರಿವರ್ತಕವೂ ಬೇಕಾದೀತು. ಕೊಳ್ಳುವ ಕಾರ್ಡು ಯಾವುದೆಂದು ಈ ಚೀಟಿ ಹೇಳಲಿ. ಅಂಗಡಿಯವನಾಗಲಿ, ಗೆಳೆಯರಾಗಲಿ ಹೇಳುವುದು ಆಮೇಲಿನ ಮಾತು.